ಕೊಬ್ಬರಿಯ ಶಕ್ತಿ ಅಂದುಕೊಂಡಿದ್ದೆವು

ತುಮಕೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಗಳ ಪಕ್ಕ ಕೂತಿದ್ದ ಬೆಳಿಗ್ಗೆ, ನಾನು ಸುತ್ತಲಿದ್ದ ಹೆಂಗಸರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದೆ. ನಮಗೆ ಬಂದಂಥ ಕಷ್ಟವೇ ಬಂದಿರುವ ಇನ್ನೊಬ್ಬ ತಾಯಿ ಇಲ್ಲೆಲ್ಲಾದರೂ ಇದ್ದಾಳೆಯೇ ಅಂತ ಹುಡುಕಿದೆ. ಸಿಗಲಿಲ್ಲ. ಇದ್ದಿದ್ದರೂ ಹೇಳಿಕೊಳ್ಳುತ್ತಿರಲಿಲ್ಲವೇನೋ. ನಾನೂ ಯಾರಿಗೂ ಹೇಳಿಕೊಳ್ಳಲಿಲ್ಲವಲ್ಲ. ಮಗಳು ಸವಿತ ಈಗ ಚೆನ್ನಾಗಿದ್ದಾಳೆ. ಇದನ್ನು ಬರೆಯಲಾ ಅಂತ ಅವಳನ್ನೇ ಕೇಳಿದೆ. "ಬರಿಯಮ್ಮ, ನನ್ ಹೆಸ್ರೂ ಹಾಕು" ಅಂದಳು. ನಾನು ಓದಿದ್ದು ಕಡಿಮೆ. ಔಷಧಿಯ ವಿಚಾರ, ಹಾರ್ಮೋನಿನ ವಿಚಾರ ವಿವರಿಸಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮದು ಶೆಟ್ಟಿಕೆರೆ ಕಡೆಯ ಊರು. ಮನೆಯಲ್ಲಿ ನಾನು, ನಮ್ಮನೆಯವರು, ಅತ್ತೆ ಗಂಗಮ್ಮ, ಸವಿತ, ನಾಲ್ಕೇ ಜನ. ತೆಂಗಿನ ತೋಟ ಇದೆ. ಕಾಯನ್ನು ಹಾಗೇ ಮಾರದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟು, ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆದಮೇಲೆ ಸುಲಿಸುವುದು ನಮ್ಮ ಕಡೆಯ ಪದ್ಧತಿ. ಅಟ್ಟದ ಮೇಲಿರುವುದು ಲಕ್ಷ್ಮಿ ಅಂತ ನಮ್ಮತ್ತೆಯ ಲೆಕ್ಕ. ಮುಟ್ಟಾದ ಹೆಂಗಸು ದೇವರ ದೀಪ ಮುಟ್ಟಬಾರದು, ಅಟ್ಟದ ಏಣಿ ಹತ್ತಬಾರದು. ನಾನು ಮದುವೆಯಾಗಿ ಬಂದ ದಿನದಿಂದ ಹಾಗೇ ನಡೆದುಕೊಂಡು ಬಂದಿದ್ದೇನೆ. ಸವಿತಳೂ ಅಷ್ಟೆ.

ಅವಳು ಗುಂಡು ಎಸೆಯುತ್ತಿದ್ದಳು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ಇವಳ ತೋಳು ನೋಡಿ ಕಬ್ಬಿಣದ ಗುಂಡು ಕೊಟ್ಟರಂತೆ. ಅಲ್ಲಿಂದ ಶುರುವಾದದ್ದು. ಡಿಗ್ರಿಗೆ ತಿಪಟೂರು ಸೇರಿದಳು. ವಾರವೆಲ್ಲ ಹಾಸ್ಟೆಲು, ಶನಿವಾರ ಭಾನುವಾರ ಮನೆ. ಸಂಜೆ ಹೊತ್ತು ಅಲ್ಲೇ ಒಂದು ಜಿಮ್ಮಿಗೆ ಹೋಗುತ್ತಿದ್ದಳು. ಅಲ್ಲಿ ಕಲಿಸುವವನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು. ವಯಸ್ಸಿನಲ್ಲಿ ಇವಳಿಗಿಂತ ಅಷ್ಟೇನೂ ದೊಡ್ಡವನಲ್ಲ.

ಡಿಗ್ರಿಯ ಎರಡನೇ ವರ್ಷದಲ್ಲಿ ಅವಳ ಮೈ ಕಟ್ಟು ನಿಂತಿತು ನೋಡಿ, ಊರವರೆಲ್ಲ ಬೆರಗಾದರು. ತೋಟದಲ್ಲಿ ಕಾಯಿ ತುಂಬಿದ ಮೂಟೆಯನ್ನು ಒಬ್ಬಳೇ ಎತ್ತಿ ಟ್ರಾಲಿಗೆ ಹಾಕುತ್ತಿದ್ದಳು. ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: "ನಮ್ ಅಟ್ಟದ್ ಕೊಬ್ರಿ ಕಣ್ರೀ. ಚಿಕ್ಕಂದಿನಿಂದ್ಲೂ ಕೊಬ್ರಿ, ಬೆಲ್ಲ, ತುಪ್ಪ, ಮುದ್ದೆ." ಅವಳ ಮುಖದ ಮೇಲೆ, ಬೆನ್ನ ಮೇಲೆ ಗುಳ್ಳೆ ಎದ್ದವು. ಅದಕ್ಕೂ ಕೊಬ್ಬರಿಯೇ ಕಾರಣ, ಪಿತ್ತ ಹೆಚ್ಚಾಗಿದೆ ಅಂದುಕೊಂಡೆವು. ದನಿ ಒಡೆದು ದಪ್ಪಗಾಯಿತು. ಕೊಬ್ಬರಿ ತಿಂದು ನೀರು ಕುಡಿದರೆ ಗಂಟಲು ಕಟ್ಟುತ್ತೆ ಕಣೇ ಅಂತ ಬೈದು ಮೆಣಸಿನ ಕಷಾಯ ಕಾಯಿಸಿಕೊಟ್ಟೆ. ಒಳ್ಳೆಯದಕ್ಕೂ ಕೊಬ್ಬರಿ, ಕೆಟ್ಟದ್ದಕ್ಕೂ ಕೊಬ್ಬರಿ. ಬೇರೆ ಕಡೆಯ ಜನ ಆಗಿದ್ದರೆ ಬೇರೆ ಏನಾದರೂ ಯೋಚಿಸುತ್ತಿದ್ದರೋ ಏನೋ. ನಮಗೆ ಕಣ್ಣು ಮುಚ್ಚಿದರೂ ತೆರೆದರೂ ಕಾಣುವುದು ಅದೊಂದೇ.

ಇನ್ನೊಂದು ಇತ್ತು. ಶ್ರಾವಣ ಶನಿವಾರಗಳಲ್ಲಿ ನಮ್ಮ ಮನೆದೇವರು ರಂಗಪ್ಪನಿಗೆ ಮನೆಯ ಹೆಣ್ಣುಮಗಳ ಕೈಯಲ್ಲೇ ದೀಪ ಹಚ್ಚಿಸುತ್ತೇವೆ. ಬೇರೆ ವರ್ಷಗಳಲ್ಲಿ ಒಂದು ಶನಿವಾರವಾದರೂ ಸವಿತ ಹೊರಗಾಗಿ, ನಾನೇ ಹಚ್ಚಬೇಕಾಗುತ್ತಿತ್ತು. ಆ ವರ್ಷ ಒಂದೂ ತಪ್ಪಲಿಲ್ಲ. ಶ್ರಾವಣ ಕಳೆದ ಮೇಲೂ ಅವಳು ಮನೆಗೆ ಬಂದಾಗಲೆಲ್ಲ ಒಳಗೇ ಇದ್ದಳು, ದೀಪ ಹಚ್ಚಿದಳು, ಅಟ್ಟ ಹತ್ತಿ ಕಾಯಿ ಕುಲುಕಿ ನೋಡಿದಳು. ಆ ದಿನಗಳೆಲ್ಲ ಹಾಸ್ಟೆಲಿನಲ್ಲೇ ಕಳೆಯುತ್ತಿವೆ, ರಂಗಪ್ಪನ ದಯೆ ಅಂತ ನಾನು ಕೈ ಮುಗಿದೆ. ನನಗೆ ಸಣ್ಣಪುಟ್ಟ ಒಳ್ಳೆಯದನ್ನೂ ದೇವರ ಲೆಕ್ಕಕ್ಕೆ ಬರೆದುಕೊಳ್ಳುವ ಅಭ್ಯಾಸ. ಇದನ್ನೂ ಬರೆದುಕೊಂಡೆ.

ನಮ್ಮತ್ತೆ ಒಂದು ದಿನ ಹುಣಸೆಹಣ್ಣು ಬಿಡಿಸುತ್ತಾ ಕೇಳಿದರು.

"ಲೇ, ನಿನ್ ಮಗಳು ಹೊರಗಾಗಿ ಎಷ್ಟ್ ಕಾಲ ಆಯ್ತೇ?"

"ಹಾಸ್ಟೆಲ್‌ನಲ್ಲಿದ್ದಾಗ ಆಯ್ತಾಳೆ ಬುಡಿ ಅತ್ತೆ."

"ಪ್ರತಿ ತಿಂಗ್ಳೂವೇ? ಅದೇನು ಮುಟ್ಟು ರಜ ನೋಡ್ಕಂಡ್ ಬತ್ತದಾ?"

ನಾನು ಹುಣಸೆ ಬೀಜ ಗೋರಿಕೊಂಡು ಎದ್ದೆ. ಆದರೆ ಇಬ್ಬರ ತಲೆಯಲ್ಲೂ ಓಡಿದ್ದು ಒಂದೇ ಯೋಚನೆ. ಮದುವೆಯಾಗದ ಹುಡುಗಿಗೆ ಮುಟ್ಟು ನಿಂತರೆ ತಾಯಿಯಾದವಳು ಮೊದಲು ಯೋಚಿಸುವುದು ಏನನ್ನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನೇರವಾಗಿ ಕೇಳಲು ಬಾಯಿ ಬರಲಿಲ್ಲ. ಬೆಂಗಳೂರಿನಲ್ಲಿ ಕಾಲೇಜುಗಳ ಕ್ರೀಡಾಕೂಟ ಇದೆ ಅಂತ ಅವಳು ಹೊರಟಾಗ, "ನಾನೂ ಬತ್ತೀನಿ" ಅಂದೆ. ದಾರಿಯಲ್ಲಿ ಕೇಳೋಣ ಅಂದುಕೊಂಡೆ. ರೈಲಿನಲ್ಲಿ ಅವಳ ಜೊತೆಯ ಹುಡುಗಿಯರಿದ್ದರು, ಕೇಳಲಾಗಲಿಲ್ಲ.

ನಮ್ಮನೆಯವರು ಚೀಲದಲ್ಲಿ ಎಳನೀರು ಹಾಕಿಕೊಟ್ಟಿದ್ದರು. ಚಮಚದ ಹಿಡಿಯಿಂದ ತಿವಿದರೆ ತೂತಾಗುವಷ್ಟು ತೆಳ್ಳಗೆ ಮೂತಿ ಕೆತ್ತಿದ್ದರು. ಮೈದಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಒಂದಾದ ಮೇಲೊಂದು ತಿವಿದು ಕೊಟ್ಟೆ, ಅವಳು ಕುಡಿದಳು. ಆಮೇಲೆ ಅವಳ ಸರದಿ ಬಂತು. ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡು ತಿರುಗಿ ಎಸೆದಳು. ಅದು ಬಿದ್ದ ಸದ್ದು ನನಗೆ ಕಾಲಡಿಯಲ್ಲಿ ಗೊತ್ತಾಯಿತು. ಎರಡನೇ ಸ್ಥಾನ.

ಅವಳು ನನ್ನ ಹತ್ತಿರ ಬರುವಷ್ಟರಲ್ಲಿ ಮೈದಾನದಲ್ಲಿ ಏನೋ ಗುಸುಗುಸು ಎದ್ದಿತು. ಪರೀಕ್ಷೆ ಮಾಡುವವರು ಬಂದಿದ್ದಾರಂತೆ, ಗೆದ್ದವರ ಉಚ್ಚೆ ಹಿಡಿಯುತ್ತಾರಂತೆ. ಓಟಕ್ಕೆ ಸಾಲಾಗಿ ನಿಂತಿದ್ದ ಹುಡುಗರಲ್ಲಿ ಅರ್ಧಕ್ಕರ್ಧ ಜನ ಕಾಲು ನೋವು, ಹೊಟ್ಟೆ ನೋವು ಅಂತ ಚೀಲ ಎತ್ತಿಕೊಂಡು ಹೊರಟರು. ಸವಿತಳ ಫೋನು ಬಡಿಯಿತು. ಜಿಮ್ಮಿನ ಮಾಸ್ಟರು. ಅವನು ಕೂಗುತ್ತಿದ್ದದ್ದು ನನಗೂ ಕೇಳಿಸಿತು: "ಹಿಂದಿನ್ ಗೇಟಿಂದ ಈಚೆ ಬಂದ್ಬುಡು!"

ಅವಳು ನನ್ನ ಕೈ ಹಿಡಿದು ಎಳೆದಳು. "ಅಮ್ಮ, ಏಳು, ಹೋಗಣ."

"ಪದಕ ಕೊಡೋ ಮುಂಚೆ ಎಲ್ಲಿಗೇ ಹೋಗದು?"

"ಟೆಸ್ಟ್ ಮಾಡ್ತಾರಂತೆ ಅಮ್ಮ."

"ಮಾಡ್ಲಿ. ಉಚ್ಚೆ ತಾನೇ ಕೇಳ್ತಿರದು, ಚಿನ್ನ ಕೇಳ್ತಿದ್ದಾರಾ? ಇಷ್ಟು ಎಳ್ನೀರು ಕುಡ್ದಿದ್ದೀಯ, ಇಬ್ರಿಗಾಗೋವಷ್ಟು ಬತ್ತದೆ, ಕೊಡು."

ಅವಳು ನನ್ನ ಮುಖವನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. ನಾನಿಲ್ಲದಿದ್ದರೆ ಓಡಿಬಿಡುತ್ತಿದ್ದಳು, ಅವಳೇ ಆಮೇಲೆ ಹೇಳಿದ್ದಾಳೆ. ಅಷ್ಟರಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಗಳೊಬ್ಬಳು ಬಂದು ಸವಿತಳ ಹೆಸರು ಕೇಳಿದಳು. ಆಮೇಲೆ ಅವಳು ನಮ್ಮ ಪಕ್ಕ ಬಿಟ್ಟು ಕದಲಲಿಲ್ಲ.

ಒಂದು ಕೋಣೆಗೆ ಕರೆದುಕೊಂಡು ಹೋದರು. ಜೊತೆಗೆ ಒಬ್ಬರು ಇರಬಹುದು ಅಂದರು. ಸವಿತ ಆ ಹೆಣ್ಣುಮಗಳ ಜೊತೆ ಶೌಚಾಲಯಕ್ಕೆ ಹೋಗಿ ಬಂದಳು. ಅವಳೆದುರಿಗೇ ಹಿಡಿಯಬೇಕಂತೆ. ಒಳಗೆ ಕೂತಿದ್ದ ಅಧಿಕಾರಿಯೂ ಹೆಂಗಸೇ, ಕನ್ನಡಕ ಹಾಕಿದ್ದ, ನನ್ನ ವಯಸ್ಸಿನವರು. ಅದನ್ನು ಪರೀಕ್ಷೆ ಮಾಡಿ ತಲೆ ಅಲ್ಲಾಡಿಸಿದರು.

"ತುಂಬಾ ತೆಳ್ಳಗಿದೆ. ಇದು ಆಗಲ್ಲ. ಕಾಯಬೇಕು."

ನಾನು ಚೀಲಕ್ಕೆ ಕೈ ಹಾಕಿದೆ. "ಇನ್ನೂ ಎರಡು ಎಳ್ನೀರವೆ ಮೇಡಂ, ಕುಡಿಸ್ತೀನಿ, ಬಿರ್ನೆ ಬತ್ತದೆ."

"ಅಯ್ಯೋ ಅಮ್ಮ, ಒಳಗಿಡಿ ಅದನ್ನ! ಅದರಿಂದಲೇ ಇಷ್ಟೆಲ್ಲ ಆಗಿರೋದು." ಅವರಿಗೆ ನಗು ತಡೆಯಲಾಗಲಿಲ್ಲ. "ಯಾವೂರು ನಿಮ್ದು?"

"ತಿಪಟೂರ್ ಕಡೆ."

"ಅದೇ ಮತ್ತೆ."

ಕಾದೆವು. ಎರಡನೇ ಸಲವೂ ತೆಳ್ಳಗೇ ಬಂತು. ಮತ್ತೆ ಕಾದೆವು. ನಾನು ಮನಸ್ಸಿನಲ್ಲೇ ರಂಗಪ್ಪನ ನಾಮ ಹೇಳಿಕೊಳ್ಳುತ್ತಾ ಕೂತೆ. ಅಧಿಕಾರಿ ತಮ್ಮ ಕೆಲಸ ಮುಂದುವರಿಸುತ್ತಾ ಸವಿತಳನ್ನು ಕೇಳಿದರು, "ಇತ್ತೀಚೆಗೆ ಏನಾದ್ರೂ ಮಾತ್ರೆ, ಇಂಜೆಕ್ಷನ್, ಟಾನಿಕ್ ತಗೊಂಡಿದ್ದೀರಾ? ಇದ್ರೆ ಹೇಳಿ."

ಅವಳ ಬದಲು ನಾನೇ ಬಾಯಿ ಹಾಕಿದೆ. "ನನ್ ಮಗಳು ಅಂಥದೆಲ್ಲ ಮುಟ್ಟಲ್ಲ ಮೇಡಂ. ಕೊಬ್ರಿ, ತುಪ್ಪ, ಮುದ್ದೆ, ಅಷ್ಟೆ. ಗಂಟ್ಲು ಕಟ್ಟಿತ್ತು ಅಂತ ಮೆಣಸಿನ್ ಕಷಾಯ ಕೊಟ್ಟಿದ್ದೆ. ಬೇಕಾದ್ರೆ ಅದನ್ನ ಬರ್ಕಳಿ."

ಅಧಿಕಾರಿ ಬರೆದುಕೊಳ್ಳಲಿಲ್ಲ. ಸವಿತಳನ್ನೇ ನೋಡುತ್ತಿದ್ದರು. ಅಷ್ಟು ದೊಡ್ಡ ಮೈಯ ಹುಡುಗಿ ಮಗುವಿನ ಹಾಗೆ ಬಿಕ್ಕಿದಳು.

"ಅಮ್ಮಂಗೆ ಗೊತ್ತಿಲ್ಲ ಮೇಡಂ. ತಗಂಡಿದ್ದೀನಿ. ಮಾತ್ರೆ, ಆಮೇಲೆ ಇಂಜೆಕ್ಷನ್ನು. ಬರ್ಕಳಿ."

"ಯಾರು ಕೊಟ್ರು?"

"ಜಿಮ್ ಮಾಸ್ಟರ್. ಮೊದ್ಲು ವಿಟಮಿನ್ ಅಂದ್ರು. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ತಗಂಡೆ."

ನನಗೆ ಮಾತ್ರೆಯೂ ತಲೆಗೆ ಹೋಗಲಿಲ್ಲ, ಇಂಜೆಕ್ಷನ್ನೂ ಹೋಗಲಿಲ್ಲ. ರೈಲಿನಿಂದ ಗಂಟಲಲ್ಲೇ ಇಟ್ಟುಕೊಂಡು ಬಂದಿದ್ದ ಪ್ರಶ್ನೆ ಈಚೆ ಬಂತು. "ಮುಟ್ಟಾಯ್ತಿದ್ದೀಯೇನೇ ನೀನು?"

"ನಿಂತೋಗದೆ ಅಮ್ಮ. ಶ್ರಾವಣದ್ ಮುಂಚೇನೇ."

"ಬೇರೆ ಏನೂ ಇಲ್ವಲ್ಲಾ?"

ಅವಳಿಗೆ ಅರ್ಥವಾಗಿ ಕಣ್ಣೀರಿನ ಮಧ್ಯೆಯೇ ರೇಗಿದಳು. "ಥೂ, ಇಲ್ಲಮ್ಮ! ಈ ಔಷ್ದಿಯಿಂದ್ಲೇ ನಿಂತಿರದು."

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ನಿರಾಳವಾಯಿತು. ನಾನು ಹೆದರಿದ್ದದ್ದು ಆಗಿಲ್ಲವಲ್ಲ ಅಂತ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಶನಿವಾರ ಶನಿವಾರ ನಾನು ಕೈ ಮುಗಿದು ದಯೆ ಅಂದುಕೊಂಡದ್ದು, ಅವಳ ಮೈಯೊಳಗಿನ ಕಾಯಿಲೆ. ಇನ್ನು ಇದು ಸರಿಹೋಗುತ್ತದೋ ಇಲ್ಲವೋ? ಮದುವೆ, ಮಕ್ಕಳು, ಅವೆಲ್ಲ ಆಚೆಗಿರಲಿ, ಅವಳ ಮೈ ಅವಳಿಗೆ ವಾಪಸ್ಸು ಬರುತ್ತದೋ ಇಲ್ಲವೋ? ಅಲ್ಲಿಂದ ಮುಂದೆ ನನ್ನ ಪ್ರಾರ್ಥನೆಯಲ್ಲಿ ಉಳಿದದ್ದು ಅದೊಂದೇ.

ಮೂರನೇ ಸಲ ಕೊಟ್ಟದ್ದು ಸರಿಯಿತ್ತು. ಎರಡು ಸೀಸೆಗೆ ಹಾಕಿ ಅವಳ ಕೈಯಿಂದಲೇ ಬಿಗಿಸಿದರು. ಹೊರಡುವಾಗ ಆ ಕನ್ನಡಕದ ತಾಯಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ರಿಪೋರ್ಟ್ ಬಂದಾಗ ಬರುತ್ತೆ. ಅಲ್ಲೀತನಕ ಕಾಯಬೇಡಿ. ಮೊದಲು ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಅವಳೇ ಬಾಯಿ ಬಿಟ್ಟು ಹೇಳಿದ್ದಾಳೆ, ಬೈಬೇಡಿ." ಆ ಮಾತನ್ನು ನಾನು ದೇವರ ಲೆಕ್ಕದಲ್ಲೇ ಬರೆದುಕೊಂಡಿದ್ದೇನೆ. ಇದು ತಪ್ಪು ಲೆಕ್ಕವಲ್ಲ.

ಮನೆಗೆ ಬಂದು ಹೇಳಿದಾಗ ನಮ್ಮನೆಯವರು ಕೂತಲ್ಲಿಂದ ಏಳಲಿಲ್ಲ. "ಯಾರ್ಗೂ ಬಾಯ್ ಬುಡಬ್ಯಾಡಿ" ಅಂದರು. "ತುಮಕೂರು ಗಿಮಕೂರು ಬ್ಯಾಡ. ಯಾರಾದ್ರೂ ನೋಡ್ತಾರೆ. ಇಲ್ಲೇ ನಾಟಿ ಔಷ್ದಿ ಕೊಡ್ಸಣ. ನಾಳೆ ಗಂಡು ಹುಡುಕ್ಬೇಕು ಇವ್ಳಿಗೆ."

ಅತ್ತೆ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು. ಮಡಿ, ಮುಟ್ಟು ಅಂತ ನನ್ನನ್ನು ಜೀವನಪೂರ್ತಿ ಆಡಿಸಿದ ಹೆಂಗಸು. ಇನ್ನೇನು ಅನ್ನುತ್ತಾರೋ ಅಂತ ನಾನು ತಲೆ ತಗ್ಗಿಸಿದ್ದೆ.

"ಏನ್ಲಾ," ಅಂದರು ಮಗನಿಗೆ, "ತೆಂಗಿಗೆ ನುಸಿ ಬಿದ್ದಾಗ ಊರೂರು ಸುತ್ತಿ ಹೇಳ್ಕಂಡ್ ಬಂದೆ. ಅಧಿಕಾರಿಗಳ್ನ ತೋಟಕ್ಕೇ ಕರ್ಕಂಡ್ ಬಂದೆ. ಆಗ ನಾಚ್ಕೆ ಆಗ್ಲಿಲ್ಲ. ಮಗಳಿಗೆ ಬಂದ್ರೆ ಮುಚ್ಚಾಕ್ತೀಯಾ? ಮರಕ್ಕಿಂತ ಕಡೆಯಾದ್ಲಾ ಇವ್ಳು? ಏಳ್ಲಾ, ನಾಳೆ ಬಸ್ಸಿಗೆ ಹತ್ಸು ಅವ್ರನ್ನ."

ನಮ್ಮನೆಯವರು ಬಸ್ಸಿಗೆ ಹತ್ತಿಸಿ ಹಿಂದಿರುಗಲಿಲ್ಲ. ತಾವೇ ನಮ್ಮ ಜೊತೆ ಬಂದರು. ತುಮಕೂರಿನಲ್ಲಿ ಇಳಿದ ಮೇಲೆ ಮಗಳ ಚೀಲವನ್ನು ತಾವು ಹಿಡಿದುಕೊಂಡರು.

ಡಾಕ್ಟರು ಹೆಂಗಸು ಸಿಕ್ಕಿದ್ದು ನಮ್ಮ ಪುಣ್ಯ. ಎಲ್ಲವನ್ನೂ ಸವಿತಳ ಬಾಯಲ್ಲೇ ಹೇಳಿಸಿದರು. ರಕ್ತಕ್ಕೆ ಬರೆದರು, ಸ್ಕ್ಯಾನಿಗೆ ಬರೆದರು. ಸ್ಕ್ಯಾನಿಗೆ ಹೊಟ್ಟೆ ತುಂಬ ನೀರು ಕುಡಿದು, ತಡೆದುಕೊಂಡು ಕೂರಬೇಕಂತೆ. ಸವಿತ ಬಾಟಲಿ ಎತ್ತುತ್ತಾ ನನ್ನ ಕಡೆ ನೋಡಿದಳು. "ಅಲ್ಲಿ ಕುಡೀಬ್ಯಾಡ ಅಂದ್ರು, ಇಲ್ಲಿ ಕುಡಿ ಅಂತಾರೆ. ಎಳ್ನೀರ್ ತಂದಿದ್ಯಾ?" ಬೆಂಗಳೂರಿನಿಂದ ಬಂದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನನಗೆ ನಗುವ ಬದಲು ಅಳು ಬಂತು.

ಅಲ್ಲಿ ಕೂತವರೆಲ್ಲ ಬಸುರಿಯರು. ಗೋಡೆಯ ಮೇಲೆ ಗುಂಡು ಗುಂಡು ಮಕ್ಕಳ ಪಟಗಳು. ಪಕ್ಕದಲ್ಲಿದ್ದ ತುರುವೇಕೆರೆ ಕಡೆಯ ಹೆಂಗಸು ಸವಿತಳ ಕೊರಳು ನೋಡಿದಳು, ಕಾಲ್ಬೆರಳು ನೋಡಿದಳು. ತಾಳಿ ಇಲ್ಲ, ಕಾಲುಂಗುರ ಇಲ್ಲ.

"ಎಷ್ಟ್ ತಿಂಗ್ಳವ್ವ?" ಅಂದಳು ಮೆಲ್ಲಗೆ, ನನ್ನ ಕಿವಿಯಲ್ಲಿ.

ಆಚೆ ಬದಿಯಲ್ಲಿ ಕೂತಿದ್ದ ನಮ್ಮನೆಯವರಿಗೆ ಕೇಳಿಸಿಬಿಟ್ಟಿತು. ಊರಿನಲ್ಲಿ ಯಾರಿಗೂ ಬಾಯಿ ಬಿಡಬೇಡಿ ಅಂದಿದ್ದ ಮನುಷ್ಯ, ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದರು: "ಬಸುರಲ್ಲ ಕಣವ್ವ. ಆಟಗಾತಿ ನನ್ ಮಗಳು. ಶಕ್ತಿ ಬತ್ತದೆ ಅಂತ ಯಾವನೋ ಕೆಟ್ಟ ಔಷ್ದಿ ಕೊಟ್ಟವ್ನೆ. ತೋರ್ಸಕ್ಕೆ ಬಂದಿದ್ದೀವಿ." ಹೇಳಿ ಎದ್ದು ಹೊರಗೆ ಹೋಗಿ ನಿಂತರು. ಆ ಹೆಂಗಸು ನಾಚಿಕೊಂಡು, ತನ್ನ ಚೀಲದಿಂದ ಒಂದು ಮೂಸಂಬಿ ತೆಗೆದು ಸವಿತಳ ಕೈಗಿಟ್ಟಳು. "ಆಮೇಲ್ ತಿನ್ನವ್ವ" ಅಂದಳು. ಸವಿತ ಅದನ್ನು ಸ್ಕ್ಯಾನ್ ಮುಗಿಯುವವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

ರಿಪೋರ್ಟುಗಳನ್ನು ನೋಡಿ ಡಾಕ್ಟರು ಹೇಳಿದರು. ಯಕೃತ್ತಿಗೆ ಪೆಟ್ಟು ಬಿದ್ದಿದೆ, ಆದರೆ ಕೆಟ್ಟುಹೋಗಿಲ್ಲ. ಗರ್ಭಕೋಶ ಸರಿಯಿದೆ, ಮಲಗಿದೆ ಅಷ್ಟೆ. ಆ ಔಷಧಿ ಪೂರ್ತಿ ಬಿಟ್ಟು ಕಾಯಬೇಕು.

"ಸರಿಹೋಗುತ್ತಾ ಮೇಡಂ?" ಅಂದೆ.

"ಹೋಗುತ್ತೆ ಅಂತ ನಂಬಿಕೆ ಇದೆ. ಯಾವಾಗ ಅಂತ ಮಾತ್ರ ಕೇಳಬೇಡಿ."

ಸವಿತ ಕೇಳಿದಳು, "ನನ್ ದನಿ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಅದು ಮೊದಲಿನ ಹಾಗೆ ಆಗೋದು ಕಷ್ಟ ಕಣಮ್ಮ."

ಅವಳು ರಿಪೋರ್ಟುಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಔಷಧಿ ಬಿಡುವುದು ಸುಲಭ, ಬಿಟ್ಟ ಮೇಲಿನ ದಿನಗಳು ಕಷ್ಟ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಹಾಸ್ಟೆಲು ಬಿಡಿಸಿ ಮನೆಯಲ್ಲೇ ಇಟ್ಟುಕೊಂಡೆವು. ಅವಳ ಶಕ್ತಿ ಸೋರಿಹೋಯಿತು. ಅಂಗಿಗಳು ಜೋಲತೊಡಗಿದವು, ತೋಳನ್ನು ಅಳೆದು ಅಳೆದು ನೋಡಿಕೊಂಡು ಅಳುತ್ತಿದ್ದಳು. ಒಂದು ದಿನ ಮೂಟೆ ಎತ್ತಲು ಹೋಗಿ ಆಗದೆ, ಸಿಟ್ಟಿನಿಂದ ಕಾಲಲ್ಲಿ ಒದ್ದು ಕಾಯೆಲ್ಲ ಚೆಲ್ಲಾಪಿಲ್ಲಿ ಮಾಡಿದಳು. ಒಂದೊಂದು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮನಸ್ಸಿಗೂ ಬೇರೆ ಡಾಕ್ಟರನ್ನು ನೋಡಿಸಿದೆವು. ಅದರಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲ ಅಂತ ಆ ತುಮಕೂರಿನ ಡಾಕ್ಟರೇ ಹೇಳಿ ಕಳಿಸಿದ್ದರು. ನಾನು ಅವಳನ್ನು ಒಂಟಿ ಬಿಡಲಿಲ್ಲ. ಹೂ ಕಟ್ಟುವಾಗ ಎದುರಿಗೆ ಕೂರಿಸಿಕೊಂಡೆ. ಸಂಜೆ ತೋಟದ ಬದುವಿನ ಮೇಲೆ ಜೊತೆಯಲ್ಲಿ ನಡೆದೆ. ಊಟ ಕೇಳಿ ತಿಂದ ದಿನ, ನಿದ್ದೆ ಬಂದ ದಿನ, ತಾನಾಗಿ ತಲೆ ಬಾಚಿಕೊಂಡ ದಿನ, ಒಂದೊಂದಕ್ಕೂ ದೇವರ ಮುಂದೆ ಒಂದು ಹೂವಿಟ್ಟೆ. ಅವಳಿಗೆ ಗೊತ್ತಾಗಿ, "ಇವತ್ ಹಲ್ ಉಜ್ಜಿದ್ದೀನಿ, ಅದಕ್ಕೂ ಇಡು" ಅಂತ ಅಣಕಿಸಿದಳು. ಅದಕ್ಕೂ ಇಟ್ಟೆ.

ಕಾಲೇಜಿಗೆ ಮತ್ತೆ ಹೊರಟ ದಿನ ನಾನೂ ತಿಪಟೂರಿನವರೆಗೆ ಬಸ್ಸಿನಲ್ಲಿ ಹೋದೆ. ಬಿಸಿಲು, ಧೂಳು ಅಂತ ಅವಳು ಮುಖಕ್ಕೆ ವೇಲು ಸುತ್ತಿಕೊಂಡು ಕಿಟಕಿ ಪಕ್ಕ ಕೂತಿದ್ದಳು. ಕಂಡಕ್ಟರು ಹಿಂದಿನ ಸೀಟಿಗೆ ಟಿಕೆಟ್ ಹರಿಯುತ್ತಾ ಬಂದ. ಅವಳು ಅತ್ತ ತಿರುಗದೆಯೇ, "ತಿಪಟೂರು" ಅಂದಳು.

"ಯಾರಪ್ಪಾ ಅದು ಹೆಂಗಸ್ರ ಸೀಟಲ್ಲಿ? ಗಂಡಸ್ರಿಗೆ ಫ್ರೀ ಇಲ್ಲ ಕಣಪ್ಪ, ಕಾಸ್ ತೆಗಿ" ಅಂದ ಅವನು. ಹಿಂದೆ ಕೂತ, ಆ ಜಿಮ್ಮಿನ ಹೆಸರಿದ್ದ ಬನಿಯನ್ ತೊಟ್ಟ ಹುಡುಗರು ಗೊಳ್ಳೆಂದು ನಕ್ಕರು. ಒಬ್ಬನು, "ಅಣ್ಣಂಗೆ ಒಂದ್ ಫುಲ್ ಟಿಕೆಟ್" ಅಂತ ಕೂಗಿದ.

ನಾನು ರೇಗಿ ಏಳಲು ಹೋದೆ. ಸವಿತ ನನ್ನ ಮಂಡಿ ಮೇಲೆ ಕೈಯಿಟ್ಟು ಕೂರಿಸಿದಳು. ಮುಖದ ವೇಲು ಬಿಚ್ಚಿ, ಪೂರ್ತಿ ಹಿಂದಕ್ಕೆ ತಿರುಗಿ, ಅದೇ ದಪ್ಪ ದನಿಯಲ್ಲಿ ಹೇಳಿದಳು: "ಅಣ್ಣ ಅಲ್ಲ ಕಣ್ಲಾ, ಅಕ್ಕ. ನೀನ್ ಹೋಗೋ ಜಿಮ್ಮಿನ್ ಔಷ್ದಿ ನಾನೂ ತಗಂಡಿದ್ದೆ, ಅದಕ್ಕೇ ಹಿಂಗಾಗಿರದು. ನಿನಗೆ ಏನಾಯ್ತದೆ ಅಂತ ಹೇಳ್ಲಾ, ಇಲ್ಲೇ, ಎಲ್ರ ಮುಂದೆ?"

ಆ ಹುಡುಗ ಕಿಟಕಿಯಿಂದಾಚೆ ನೋಡತೊಡಗಿದ. ಕಂಡಕ್ಟರು, "ತಪ್ಪಾಯ್ತು ತಾಯಿ" ಅಂತ ಎರಡು ಉಚಿತ ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ನಾನು ಕಣ್ಣು ಮುಚ್ಚಿ ರಂಗಪ್ಪನನ್ನು ನೆನೆದೆ. ಮೈ ಇನ್ನೂ ಬಂದಿರಲಿಲ್ಲ, ಆದರೆ ನನ್ನ ಮಗಳು ಬಂದಿದ್ದಳು.

ಬೆಂಗಳೂರಿನ ಉಚ್ಚೆ ಪರೀಕ್ಷೆಯ ಫಲಿತಾಂಶ ನಮಗೆ ಗೊತ್ತಿದ್ದದ್ದೇ ಬಂತು. ಪದಕ ಹೋಯಿತು. ಕೆಲವು ವರ್ಷ ಯಾವ ಕೂಟದಲ್ಲೂ ಆಡುವಂತಿಲ್ಲ. ತಾನಾಗಿ ಒಪ್ಪಿಕೊಂಡಿದ್ದಳೆಂದು ಶಿಕ್ಷೆ ಒಂದಿಷ್ಟು ಕಡಿಮೆಯಾಯಿತು. ಮಾಸ್ಟರನ ಹೆಸರನ್ನು ಹೇಳಬೇಕೋ ಬೇಡವೋ ಅಂತ ಮನೆಯಲ್ಲಿ ಮಾತು ನಡೆದಾಗ, ಅವಳೇ ತೀರ್ಮಾನ ಮಾಡಿದಳು. ಹೇಳಿದಳು. ಅದರ ವಿಚಾರಣೆ ಇನ್ನೂ ನಡೆಯುತ್ತಿದೆ. ಅವನ ಮೇಲೆ ನನಗೆ ಈಗ ಕೋಪಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಇದೆ: ಅವನಿಗೂ ಯಾರೋ ಕೊಟ್ಟಿರಬೇಕಲ್ಲ, ಅವನ ತಾಯಿಗೆ ಗೊತ್ತೇ?

ರಕ್ತದ ಪರೀಕ್ಷೆಗೆ ಹೋದಾಗಲೆಲ್ಲ ಯಕೃತ್ತು ಸುಧಾರಿಸುತ್ತಿದೆ ಅನ್ನುತ್ತಿದ್ದರು. ಮುಖದ ಗುಳ್ಳೆ ಆರಿದವು. ಆ ಔಷಧಿಗೆ ಗಲ್ಲದ ಮೇಲೆ ಬಂದಿದ್ದ ಕೂದಲು ಪೂರ್ತಿ ಹೋಗಿಲ್ಲ, ಅವಳು ತೆಗೆದುಕೊಳ್ಳುತ್ತಾಳೆ. ಮುಟ್ಟು ಮಾತ್ರ ಬರಲಿಲ್ಲ. ಪ್ರತಿ ತಿಂಗಳೂ ನಾನು ಅವಳ ಮುಖ ನೋಡುತ್ತಿದ್ದೆ, ಅವಳು ಇಲ್ಲ ಅಂತ ತಲೆಯಾಡಿಸುತ್ತಿದ್ದಳು. ಆಮೇಲೆ ನಾನು ನೋಡುವುದನ್ನೇ ಬಿಟ್ಟೆ. ಕೊಟ್ಟರೆ ಸಂತೋಷ, ಕೊಡದಿದ್ದರೂ ಮಗಳಿದ್ದಾಳೆ ಅಂತ ದೇವರಿಗೆ ಹೇಳಿಬಿಟ್ಟೆ. ಹೇಳಿದ್ದು ಬಾಯಿಮಾತಿಗಲ್ಲ.

ಯುಗಾದಿ ಆದಮೇಲೆ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಬಚ್ಚಲಿನಿಂದ ಸವಿತಳ ದನಿ ಕೇಳಿತು. "ಅಮ್ಮಾ."

ಆ ಕರೆಯಲ್ಲೇ ಗೊತ್ತಾಯಿತು. ಕೈಯಲ್ಲಿದ್ದ ಬೂದಿಯನ್ನೂ ತೊಳೆಯದೆ ಎದ್ದೆ. ಅವಳು ಬಾಗಿಲಲ್ಲಿ ನಿಂತು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. "ಆಯ್ತು ಕಣಮ್ಮ" ಅಂದಳು.

ನಮ್ಮತ್ತೆಗೆ ಹೇಳಿದಾಗ ಅವರು ಹೊರಗಿನ ಕೋಣೆಯಲ್ಲಿ ಚಾಪೆ ಹಾಸುತ್ತಾರೆ ಅಂದುಕೊಂಡೆ. ಅವರು ಹಿತ್ತಾಳೆ ತಟ್ಟೆ ಹುಡುಕಿ ತೆಗೆದರು. ಅರಿಶಿನ, ಸುಣ್ಣ ಕದಡಿ ಕೆಂಪಾರತಿ ಮಾಡಿದರು. ಚಿಗಳಿ ಕುಟ್ಟಲು ಎಳ್ಳು ಬೆಲ್ಲ ತಾ ಅಂತ ನನ್ನನ್ನು ಗದರಿದರು. ಹುಡುಗಿ ಮೊದಲ ಸಲ ದೊಡ್ಡವಳಾದಾಗ ಮಾಡುವುದನ್ನೆಲ್ಲ ಮತ್ತೆ ಮಾಡಿಸಿದರು. ಸವಿತಳನ್ನು ನಡುಮನೆಯಲ್ಲೇ, ಮಣೆಯ ಮೇಲೆ ಕೂರಿಸಿದರು.

"ಅಜ್ಜಿ, ನಾನ್ ಹೊರ್ಗಾಗಿದ್ದೀನಿ. ಇಲ್ಲಿ ಕೂರ್ಬೌದಾ?"

"ಸುಮ್ಕಿರೇ. ಇಷ್ಟ್ ದಿನ ದೇವ್ರು ಕಾಯಿಸಿಲ್ವಾ ನಮ್ಮನ್ನ? ಇವತ್ತೊಂದಿನ ಅವ್ನೇ ಕಾಯ್ಲಿ."

ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯ ಪುಟ್ಟಮ್ಮ ಎಳ್ಳಿನ ವಾಸನೆ ಹಿಡಿದು ಬಂದಳು. ಆರತಿ ತಟ್ಟೆ ನೋಡಿ ಹೊಸಿಲಲ್ಲೇ ನಿಂತಳು.

"ಏನ್ ಇಸೇಸ ಗಂಗಮ್ಮ?"

"ನಮ್ ಹುಡ್ಗಿ ದೊಡ್ಡೋಳಾದ್ಲು."

"ಅದು ಯಾವತ್ತೋ ಆಗಿತ್ತಲ್ಲಾ?"

"ಆಗಿದ್ಲು. ನಡುವೆ ಯಾವನೋ ಹಾಳು ಔಷ್ದಿ ಕೊಟ್ಟು ನಿಲ್ಸಿದ್ದ. ಈಗ ಮತ್ತೆ ಆದ್ಲು. ಬಾ ಒಳೀಕೆ, ಚಿಗಳಿ ತಿನ್ನು."

ಊರಿಗೆಲ್ಲ ಸಂಜೆಯೊಳಗೆ ಗೊತ್ತಾಗುತ್ತದೆ ಅಂತ ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಜಗಲಿ ಮೇಲೆ ಕೂತಿದ್ದ ನಮ್ಮನೆಯವರಿಗೂ ಗೊತ್ತಿತ್ತು. ಅವರು ಎದ್ದು ಬಂದು ಬಾಗಿಲು ಮುಚ್ಚಲಿಲ್ಲ. ಪುಟ್ಟಮ್ಮ ಚಿಗಳಿ ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು, "ನನ್ ತಂಗಿ ಮಗನೂ ತಿಪಟೂರಲ್ಲಿ ಜಿಮ್ಮಿಗೋಯ್ತಾನೆ. ಮುಖದ್ ತುಂಬ ಗುಳ್ಳೆ. ಮನೇಲಿ ಬರೀ ಕೂಗಾಟ. ನನ್ ತಂಗಿ ಅಳ್ತಾಳೆ, ಯಾಕೆ ಅಂತ ಅವ್ಳಿಗೇ ಗೊತ್ತಿಲ್ಲ."

ನಾನು ಬಾಯಿ ತೆರೆಯುವ ಮುಂಚೆ ಸವಿತ ಮಣೆಯ ಮೇಲಿಂದಲೇ ಮಾತಾಡಿದಳು. ಹಣೆಯ ಮೇಲೆ ಆರತಿಯ ಕೆಂಪು ಬೊಟ್ಟು ಇನ್ನೂ ಹಸಿಯಾಗಿತ್ತು. ದನಿ ಅದೇ, ಗಂಡಸಿನಂಥ ದಪ್ಪ ದನಿ. ಅದನ್ನು ತಗ್ಗಿಸಲು ಅವಳು ಹೋಗಲಿಲ್ಲ.

"ಇಬ್ರನ್ನೂ ಕರ್ಕಂಬಾ ಪುಟ್ಟಮ್ಮಜ್ಜಿ. ಅವನತ್ರ ನಾನ್ ಮಾತಾಡ್ತೀನಿ. ಅವ್ರಮ್ಮನತ್ರ ನಮ್ಮಮ್ಮ ಮಾತಾಡ್ತಾಳೆ."